ಹಿತ್ತಲು ಕೊರೆಯುವವರು ಯಾರು?
ಹೆಗ್ಗಣ ಮತ್ತಿತರ ಬಿಲವಾಸಿಗಳ ಹತೋಟಿ



ನಮ್ಮ ಸಂಘದ ಸದಸ್ಯರೊಬ್ಬರ ಅಳಿಯಂದಿರು ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ಶಾಲಾ ಮಾಸ್ತರರಾಗಿದ್ದಾರೆ. ಅವರು ಸಂಘದ ಕಛೇರಿಗೆ ಒಂದು ಪ್ರಶ್ನೆ ಬರೆದು ಕಳಿಸಿದ್ದಾರೆ. ಮನೆಯ ಹಿತ್ತಲಿನಲ್ಲಿ ಅವರು ನಾಲ್ಕು ತೆಂಗು, ಎರಡು ನಿಂಬೆ, ಕೈತೋಟ ಮಾಡಿಕೊಂಡಿದ್ದಾರೆ. ದಿನ ಬೆಳಗಾದರೆ ಅಲ್ಲಲ್ಲಿ ಹೊಸ ಮಣ್ಣಿನ ಗುಡ್ಡೆ ಎದ್ದಿರುತ್ತದೆಯಂತೆ. ಎಳೆಯ ತೆಂಗಿನ ಸಸಿಯ ಬುಡವನ್ನು ಯಾವುದೋ ಪ್ರಾಣಿ ನೆಲದೊಳಗಿನಿಂದಲೇ ಕಡಿದುಹಾಕಿದೆ. ಇದು ‘ಮೋಲ್’ ಇರಬೇಕೆಂದು ಎಲ್ಲೋ ಓದಿ, ನೆಲಕ್ಕೆ ಚುಚ್ಚುವ ಬಿಸಿಲುವಿದ್ಯುತ್ತಿನ ಗೂಟವೊಂದನ್ನು ದುಡ್ಡು ಕೊಟ್ಟು ತರಿಸಿ ನೆಟ್ಟರಂತೆ. ಗೂಟ ಗುಂಯ್‌ಗುಡುತ್ತಿದೆ, ಗುಡ್ಡೆಗಳೂ ಏಳುತ್ತಿವೆ. ‘ಏನು ಮಾಡಬೇಕು?’ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಬಂದದ್ದು ಎರೆಭೂಮಿಯ ಊರಿನಿಂದಾದರೂ ಉತ್ತರ ನಮಗೆಲ್ಲರಿಗೂ ಬೇಕಾದದ್ದು. ಅಡಿಕೆ ತೋಟದ ಬದು, ಕಾಫಿ ಕಣದ ಅಂಚು, ಕೊಟ್ಟಿಗೆಯ ಹಿಂಗೋಡೆ, ಗೊಬ್ಬರಗುಂಡಿಯ ದಡ, ಇವೆಲ್ಲವನ್ನೂ ಕೊರೆಯುತ್ತಿರುವುದು ಅದೇ ಪ್ರಾಣಿ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಮೋಲ್ ಇಲ್ಲ

ಮೊದಲು ಹೆಸರಿನ ಗೊಂದಲವನ್ನು ಬಿಡಿಸೋಣ. ಮೋಲ್ ಎಂದರೆ ನಮ್ಮ ಮೊಲವಲ್ಲ. ಯೂರೋಪು, ಅಮೆರಿಕಗಳ ಹುಲ್ಲುಹಾಸುಗಳ ಕೆಳಗೆ ಸುರಂಗ ತೋಡಿಕೊಂಡು, ಎರೆಹುಳು ಮತ್ತು ಮಣ್ಣಿನ ಹುಳುಗಳನ್ನು ತಿಂದು ಬದುಕುವ, ಕಣ್ಣು ಕಾಣದಷ್ಟು ಸಣ್ಣದಾಗಿರುವ ಒಂದು ಪ್ರಾಣಿ ಅದು. ಭಾರತದಲ್ಲಿ ಅದರ ಜಾತಿಗಳು ಪೂರ್ವ ಹಿಮಾಲಯ ಮತ್ತು ಈಶಾನ್ಯದ ಗುಡ್ಡಗಾಡಿನಲ್ಲಿ ಮಾತ್ರ ಇವೆ. ಕರ್ನಾಟಕದಲ್ಲಿ, ಬೀದರಿನಿಂದ ಕೊಡಗಿನವರೆಗೆ ಎಲ್ಲಿಯೂ ಇಲ್ಲ. ಮೋಲನ್ನು ಓಡಿಸಲೆಂದು ಹೊರದೇಶದವರು ಮಾಡಿದ ಗೂಟ, ಹರಳೆಣ್ಣೆಯ ಕಾಳು ಮುಂತಾದವನ್ನು ನಾವು ಕೊಳ್ಳುವುದು, ಇಲ್ಲದ ರೋಗಕ್ಕೆ ಮದ್ದು ಕುಡಿದಂತೆ. ಕಿವಿಗೆ ಕೇಳಿಸದ ಶಬ್ದದಿಂದ ಇಲಿ ಓಡಿಸುತ್ತೇವೆನ್ನುವ ಯಂತ್ರಗಳ ಕಥೆಯೂ ಇಷ್ಟೇ. ನಾಲ್ಕು ದಿನ ಅಂಜಿದ ಇಲಿ ಐದನೆಯ ದಿನ ಅದಕ್ಕೆ ಒಗ್ಗಿಕೊಳ್ಳುತ್ತದೆ.

ನಮ್ಮ ನೆಲ ಕೊರೆಯುವ ಮುಖ್ಯ ಕಳ್ಳ ಹೆಗ್ಗಣ. ಚಿಂತಾಕಿಯ ಕಡೆ ಕನ್ನಡ, ಮರಾಠಿ, ತೆಲುಗು ಮೂರೂ ಭಾಷೆ ಕಿವಿಗೆ ಬೀಳುತ್ತವೆ. ಮರಾಠಿಯವರು ಇದನ್ನು ‘ಘೂಸ್’ ಎನ್ನುತ್ತಾರೆ, ತೆಲುಗಿನವರು ‘ಪಂದಿಕೊಕ್ಕು’, ಅಂದರೆ ಹಂದಿಯಿಲಿ, ಎನ್ನುತ್ತಾರೆ. ರೇಗಿದಾಗ ಹಂದಿಯಂತೆ ಗುರುಗುಟ್ಟುವ ಇದಕ್ಕೆ ಆ ಹೆಸರು ಸರಿಯಾಗಿಯೇ ಇದೆ. ಇಂಗ್ಲಿಷಿನ ‘ಬ್ಯಾಂಡಿಕೂಟ್’ ಎಂಬ ಪದವೂ ಈ ತೆಲುಗು ಹೆಸರಿನಿಂದಲೇ ಹುಟ್ಟಿದ್ದು.

ಬಿಲ ನೋಡಿ ಕಳ್ಳನನ್ನು ಗುರುತಿಸಿ

ವಿಷ ತರುವ ಮೊದಲು ಬಿಲವನ್ನು ಕುಳಿತು ನೋಡಬೇಕು. ಬಿಲದ ಬಾಯಿ ಎಲ್ಲವನ್ನೂ ಹೇಳುತ್ತದೆ.

1. ಹೆಗ್ಗಣ: ಬಾಯಿಯ ಮುಂದೆ ಪುಡಿಪುಡಿಯಾದ ಹೊಸ ಮಣ್ಣಿನ ಗುಡ್ಡೆ ಇರುತ್ತದೆ. ಎಷ್ಟೋ ವೇಳೆ ಬಾಯಿಯನ್ನು ಒಳಗಿನಿಂದ ಸಡಿಲ ಮಣ್ಣಿನಿಂದ ಮುಚ್ಚಿಕೊಂಡಿರುತ್ತದೆ. ಒಂದೇ ಬಿಲಕ್ಕೆ ಹಲವು ಬಾಯಿಗಳು. ಇದರಲ್ಲಿ ಎರಡು ಬಗೆ. ಗದ್ದೆ, ಬದು, ಕಣಗಳಲ್ಲಿ ಕಾಣುವುದು ಸಣ್ಣ ಜಾತಿ. ಮನೆಯ ಪಂಚಾಂಗ, ಚರಂಡಿ, ಕೊಟ್ಟಿಗೆಗಳ ಬಳಿ ಇರುವುದು ಬಾಲ ಬಿಟ್ಟೇ ಅಡಿಯುದ್ದ ಬೆಳೆಯಬಲ್ಲ ದೊಡ್ಡ ಜಾತಿ. ಸಣ್ಣ ಜಾತಿಗೆ ಕಾಳನ್ನು ಬಿಲದೊಳಗೆ ಕೂಡಿಡುವ ಅಭ್ಯಾಸ ಬಹಳ.

2. ಬಯಲಿಲಿಗಳು: ಬಾಯಿ ಸಣ್ಣದು, ತೆರೆದಿರುತ್ತದೆ, ದೊಡ್ಡ ಗುಡ್ಡೆ ಇರುವುದಿಲ್ಲ. ಎರೆಭೂಮಿಯಲ್ಲಿ ಬೇಸಗೆಯ ಬಿರುಕುಗಳೇ ಇವಕ್ಕೆ ಸಿದ್ಧ ಮನೆ.

3. ಏಡಿ: ನಮ್ಮ ಬಸಿಗಾಲುವೆಯ ಅಂಚಿನಲ್ಲಿ ಸಾಮಾನ್ಯ. ಬಾಯಿಯ ಸುತ್ತ ಹಸಿ ಮಣ್ಣಿನ ಉಂಡೆಗಳಿರುತ್ತವೆ, ಬಿಲ ನೀರಿನತ್ತ ಇಳಿಯುತ್ತದೆ. ಇದಕ್ಕೆ ಇಲಿಪಾಷಾಣ ಹಾಕುವುದು ಶುದ್ಧ ದಂಡ.

4. ಸುಂಡಿಲಿ: ಉದ್ದ ಮೂತಿ, ಕೆಟ್ಟ ವಾಸನೆ, ಗೋಡೆಯಂಚಿಗೆ ಚಿಕ್‌ಚಿಕ್ ಎನ್ನುತ್ತ ಓಡುವ ಪ್ರಾಣಿ. ಇದು ಇಲಿಯ ಕುಲವೇ ಅಲ್ಲ. ಜಿರಲೆ, ಹುಳುಗಳನ್ನು ತಿನ್ನುತ್ತದೆ. ಇದನ್ನು ಅದರ ಪಾಡಿಗೆ ಬಿಡಿ.

5. ಮುಳ್ಳುಹಂದಿ, ಚಿಪ್ಪುಹಂದಿ, ಉಡ: ಬಿಲದ ಬಾಯಿ ಮನುಷ್ಯನ ತಲೆ ತೂರುವಷ್ಟು ಅಗಲವಿದ್ದರೆ ಅದು ಹೆಗ್ಗಣದ ಕೆಲಸವಲ್ಲ. ಉದುರಿದ ಮುಳ್ಳು ಸಿಕ್ಕಿದರೆ ಮುಳ್ಳುಹಂದಿ. ಒಡೆದ ಗೆದ್ದಲು ಹುತ್ತ ಹತ್ತಿರವಿದ್ದರೆ ಚಿಪ್ಪುಹಂದಿ ಇರಬಹುದು. ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿಗಳು. ವಿಷ, ಉರುಳು, ಹೊಗೆ ಯಾವುದನ್ನೂ ಹಾಕಬಾರದು. ಕಾಟ ಹೆಚ್ಚಾದರೆ ಅರಣ್ಯ ಇಲಾಖೆಗೆ ತಿಳಿಸಿ, ಸಸಿಗಳಿಗೆ ತಂತಿಜಾಲರಿಯ ಕಾವಲು ಕಟ್ಟಿ.

6. ಹಾವು: ಹಾವು ಬಿಲ ತೋಡುವುದಿಲ್ಲ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತೆಂಬ ಗಾದೆಯಂತೆ, ಹೆಗ್ಗಣ ತೋಡಿದ ಬಿಲಕ್ಕೆ ನಾಗರಹಾವು ಬಂದು ಸೇರುತ್ತದೆ. ಆದ್ದರಿಂದ ಯಾವ ಬಿಲಕ್ಕೂ ಬರಿಗೈ ಹಾಕಬೇಡಿ. ಬಿಲಗಳನ್ನು ಕಡಿಮೆ ಮಾಡಿದರೆ ಅಂಗಳಕ್ಕೆ ಹಾವು ಬರುವುದೂ ಕಡಿಮೆಯಾಗುತ್ತದೆ.

ಚಿಂತಾಕಿಯ ಮಾಸ್ತರರ ಹಿತ್ತಲಿನ ಹೊಸ ಮಣ್ಣಿನ ಗುಡ್ಡೆ, ನೆಲದೊಳಗಿನಿಂದ ಕಡಿದ ಸಸಿ, ಎರಡೂ ಹೆಗ್ಗಣದ ಸಹಿಯೇ ಸರಿ.

ಹೆಗ್ಗಣದ ಸ್ವಭಾವ

ಹೆಗ್ಗಣ ಇರುಳಿನಲ್ಲಿ ಓಡಾಡುವ ಪ್ರಾಣಿ. ಗರ್ಭದ ಅವಧಿ ಸುಮಾರು ಮೂರು ವಾರ. ಒಂದು ಸೂಲಿಗೆ ಆರೆಂಟು ಮರಿಗಳು ಸಾಮಾನ್ಯ. ತಿನ್ನಲು ಸಿಕ್ಕುವವರೆಗೆ ವರ್ಷವಿಡೀ ಮರಿ ಹಾಕಬಲ್ಲದು. ಇದನ್ನು ಕೇಳಿ ಎದೆಗುಂದಬೇಕಾಗಿಲ್ಲ. ಏಕೆಂದರೆ ಮರಿಗಳಿರುವ ತಾಯಿಯನ್ನು ಬಿಟ್ಟರೆ ಸಾಮಾನ್ಯವಾಗಿ ಒಂದು ಬಿಲಕ್ಕೆ ಒಂದೇ ಹೆಗ್ಗಣ. ಹತ್ತು ಬಾಯಿ ಕಂಡಲ್ಲಿ ಹತ್ತು ಹೆಗ್ಗಣ ಇರಬೇಕೆಂದಿಲ್ಲ, ಎರಡೇ ಇರಬಹುದು. ಒಂದು ಹಿತ್ತಲಿನ ಹೆಗ್ಗಣಗಳನ್ನು ಮುಗಿಸುವುದು ಅಸಾಧ್ಯವಾದ ಕೆಲಸವೇನಲ್ಲ.

ಕಷ್ಟವಿರುವುದು ಬೇರೆ ಕಡೆ. ಒಳ್ಳೆಯ ಬಿಲ ಖಾಲಿಯಾದರೆ ಪಕ್ಕದ ಹಿತ್ತಲಿನ ಹೆಗ್ಗಣ ಕೆಲವೇ ವಾರಗಳಲ್ಲಿ ಅಲ್ಲಿಗೆ ಬಂದು ಸೇರುತ್ತದೆ. ಹೆಗ್ಗಣಕ್ಕೆ ಸರ್ವೆ ನಂಬರು ಗೊತ್ತಿಲ್ಲ. ನೀವು ಈ ತಿಂಗಳು, ನೆರೆಯವರು ಮುಂದಿನ ತಿಂಗಳು, ಆಚೆಯವರು ದೀಪಾವಳಿ ಕಳೆದ ಮೇಲೆ ಪಾಷಾಣ ಇಟ್ಟರೆ ಮೂವರ ದುಡ್ಡೂ ಹೋಗುತ್ತದೆ, ಹೆಗ್ಗಣ ಮಾತ್ರ ಉಳಿಯುತ್ತದೆ. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಕೇರಿಯವರೆಲ್ಲ ಒಂದೇ ದಿನ ಮಾಡದ ಇಲಿ ಹತೋಟಿ ಹತೋಟಿಯಲ್ಲ.

ಏಳು ದಿನಗಳ ಕ್ರಮ

ಕೃಷಿ ವಿಶ್ವವಿದ್ಯಾಲಯಗಳು ಬಹುಕಾಲದಿಂದ ಹೇಳುತ್ತ ಬಂದಿರುವ ಕ್ರಮವನ್ನೇ ಹಿತ್ತಲಿಗೆ ಹೊಂದುವಂತೆ ಕೊಡುತ್ತಿದ್ದೇನೆ. ಎಂಟು ಹತ್ತು ಮನೆಯವರು ಕೂಡಿ ದಿನ ಗೊತ್ತುಮಾಡಿಕೊಳ್ಳಿ.

ಮೊದಲನೆಯ ದಿನ ಸಂಜೆ: ಎಲ್ಲ ಗುಡ್ಡೆಗಳನ್ನೂ ಸಮಮಾಡಿ, ಬಿಲದ ಬಾಯಿಗಳನ್ನೆಲ್ಲ ಮಣ್ಣಿನಿಂದ ತುಳಿದು ಮುಚ್ಚಿ.

ಎರಡನೆಯ ದಿನ: ಬೆಳಿಗ್ಗೆ ಹೊಸ ಮಣ್ಣು ಬಿದ್ದ, ಅಥವಾ ಬಾಯಿ ತೆರೆದ ಬಿಲಗಳಷ್ಟೇ ಜೀವಂತ ಬಿಲಗಳು. ಪ್ರತಿಯೊಂದರ ಬಳಿ ಒಂದು ಅಡಿಕೆ ದಬ್ಬೆ ನೆಟ್ಟು ಗುರುತು ಮಾಡಿ, ಎಣಿಸಿ. ಸಂಜೆ ವಿಷವಿಲ್ಲದ ಬರಿಯ ತಿಂಡಿಯನ್ನು, ಅಂದರೆ 98 ಭಾಗ ನುಚ್ಚಿಗೆ 2 ಭಾಗ ಅಡಿಗೆ ಎಣ್ಣೆ ಕಲಸಿದ್ದನ್ನು, ಬಿಲಕ್ಕೆ 10 ಗ್ರಾಮಿನಂತೆ ಕಾಗದದ ಪೊಟ್ಟಣ ಕಟ್ಟಿ ಒಳಗಿಡಿ.

ಮೂರನೆಯ ದಿನ: ಬರಿಯ ತಿಂಡಿಯನ್ನೇ ಮತ್ತೊಮ್ಮೆ ಇಡಿ. ಹೆಗ್ಗಣ ಶಂಕೆಯ ಪ್ರಾಣಿ. ಹೊಸ ವಸ್ತುವನ್ನು ಮೊದಲು ಸ್ವಲ್ಪವೇ ರುಚಿ ನೋಡುತ್ತದೆ. ಎರಡು ದಿನ ತಿಂದು ನಂಬಿಕೆ ಬಂದ ಮೇಲೆ ಹೊಟ್ಟೆ ತುಂಬ ತಿನ್ನುತ್ತದೆ.

ನಾಲ್ಕನೆಯ ದಿನ ಸಂಜೆ: ಅದೇ ನುಚ್ಚು 96 ಭಾಗ, ಎಣ್ಣೆ 2 ಭಾಗ, ಸತುವಿನ ರಂಜಕ (ಜಿಂಕ್ ಫಾಸ್ಫೈಡ್) 2 ಭಾಗ. ಐವತ್ತು ಬಿಲಗಳಿಗೆ ಲೆಕ್ಕ ಹಾಕಿದರೆ ನುಚ್ಚು 480 ಗ್ರಾಂ, ಎಣ್ಣೆ 10 ಗ್ರಾಂ, ಪಾಷಾಣ 10 ಗ್ರಾಂ. ಬಿಲಕ್ಕೆ 10 ಗ್ರಾಮಿನ ಪೊಟ್ಟಣವೊಂದನ್ನು ಕೈ ತಾಗದಂತೆ ಒಳಕ್ಕೆ ತಳ್ಳಿ ಬಾಯಿಗೆ ಮಣ್ಣು ಮುಚ್ಚಿ.

ಐದನೆಯ ದಿನ: ಬೆಳಗಿನ ಜಾವವೇ ಸುತ್ತಾಡಿ, ಹೊರಗೆ ಸತ್ತು ಬಿದ್ದ ಹೆಗ್ಗಣಗಳನ್ನೂ ಉಳಿದ ಪೊಟ್ಟಣಗಳನ್ನೂ ಇಕ್ಕಳದಿಂದ ಎತ್ತಿ, ಬಾವಿಯಿಂದ ದೂರದಲ್ಲಿ ಆಳವಾದ ಗುಂಡಿಯಲ್ಲಿ ಹೂಳಿ.

ಆರನೆಯ ದಿನ: ಎಲ್ಲ ಬಾಯಿಗಳನ್ನೂ ಮತ್ತೆ ತುಳಿದು ಮುಚ್ಚಿ.

ಏಳನೆಯ ದಿನ: ಬೆಳಿಗ್ಗೆ ತೆರೆದವುಗಳನ್ನು ಎಣಿಸಿ. ಐವತ್ತಿದ್ದದ್ದು ಐದಕ್ಕೆ ಇಳಿದಿದ್ದರೆ ಕೆಲಸ ಚೆನ್ನಾಗಿ ಆಯಿತೆಂದು ತಿಳಿಯಿರಿ. ಉಳಿದವಕ್ಕೆ ಅದೇ ಪಾಷಾಣವನ್ನು ಮತ್ತೆ ಇಡಬೇಡಿ. ಅರೆಬರೆ ತಿಂದು ಬದುಕಿದ ಹೆಗ್ಗಣ ಆ ರುಚಿಯನ್ನು ಮರೆಯುವುದಿಲ್ಲ, ಮುಟ್ಟುವುದೂ ಇಲ್ಲ. ಅವಕ್ಕೆ ಬೋನು ಇಡಿ, ಇಲ್ಲವೇ ಬ್ರೋಮಾಡಿಯೋಲೋನ್ ಎಂಬ ನಿಧಾನ ವಿಷದ ಮೇಣದ ಬಿಲ್ಲೆಯನ್ನು ಬಿಲದೊಳಗಿಡಿ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುವುದರಿಂದ ಹೆಗ್ಗಣಕ್ಕೆ ಶಂಕೆ ಬರುವುದಿಲ್ಲ.

ತಿಂಡಿ ಆಯಾ ಊರಿನದೇ ಇರಲಿ. ನಮ್ಮಲ್ಲಿ ಅಕ್ಕಿ ನುಚ್ಚು, ತೆಂಗಿನೆಣ್ಣೆ. ಚಿಂತಾಕಿಯಲ್ಲಿ ಜೋಳದ ನುಚ್ಚು, ಶೇಂಗಾ ಎಣ್ಣೆ. ಕಂಡು ತಿಂದ ರುಚಿಯನ್ನೇ ಹೆಗ್ಗಣ ನಂಬುತ್ತದೆ.

ಕಾಲವೂ ಮುಖ್ಯ. ಹೊಲತೋಟಗಳಲ್ಲಿ ತಿನ್ನಲು ಕಡಿಮೆಯಿರುವ ಬೇಸಗೆಯ ಕೊನೆಯಲ್ಲಿ, ಮುಂಗಾರಿಗೆ ಮುಂಚೆ ಮಾಡಿದರೆ ಇಟ್ಟ ತಿಂಡಿಯನ್ನು ಹೆಗ್ಗಣ ಬಿಡುವುದಿಲ್ಲ, ಮಳೆಗಾಲದ ಮರಿಗಳೂ ಹುಟ್ಟುವುದಿಲ್ಲ. ಮಳೆ ಹಿಡಿದ ಮೇಲೆ ನುಚ್ಚಿನ ಪೊಟ್ಟಣ ನೆನೆದು ಕೆಡುತ್ತದೆ. ಆಗ ಮೇಣದ ಬಿಲ್ಲೆ, ಬೋನುಗಳೇ ಗತಿ.

ವಿಷದ ವಿಷಯದಲ್ಲಿ ಎಚ್ಚರ

ಸತುವಿನ ರಂಜಕ ಹೊಟ್ಟೆಯ ಆಮ್ಲಕ್ಕೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ನೇರವಾದ ಪ್ರತಿವಿಷವಿಲ್ಲ. ಕಲಸುವುದನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕೋಲಿನಿಂದ, ಬೇರೆಯ ಡಬ್ಬಿಯಲ್ಲಿ ಮಾಡಿ. ಅಡಿಗೆಮನೆಯ ಪಾತ್ರೆ ಬಳಸಬೇಡಿ. ಬಿಲದ ಹೊರಗೆ, ಅಟ್ಟದ ಮೇಲೆ, ಮೂಟೆಗಳ ಸಂದಿಯಲ್ಲಿ ಇಡಬೇಡಿ. ಮಕ್ಕಳು, ನಾಯಿ, ದನ, ಕೋಳಿಗಳನ್ನು ಆ ಎರಡು ದಿನ ದೂರವಿಡಿ. ಯಾರಾದರೂ ತಿಂದ ಶಂಕೆಯಿದ್ದರೆ ವಾಂತಿ ಮಾಡಿಸುವುದು, ಹಾಲು ಎಣ್ಣೆ ಕುಡಿಸುವುದು ಬೇಡ. ಪಾಷಾಣದ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸಿ. ಬ್ರೋಮಾಡಿಯೋಲೋನಿಗೆ ಕೆ1 ಜೀವಸತ್ವ ಪ್ರತಿವಿಷ. ಯಾವ ವಿಷವೆಂದು ವೈದ್ಯರಿಗೆ ಗೊತ್ತಾಗುವುದು ಅಷ್ಟು ಮುಖ್ಯ.

ಬಿಲಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯ ಸುತ್ತ ಬಳಸಲೇಬೇಡಿ. ಅದರ ಮಾರಾಟಕ್ಕೂ ಬಳಕೆಗೂ ಸರ್ಕಾರದ ನಿರ್ಬಂಧವಿದೆ. ಬಿಲ ಪಂಚಾಂಗದ ಕೆಳಗೆ ಎಲ್ಲಿಗೆ ಹೋಗಿದೆಯೆಂದು ಕಂಡವರಿಲ್ಲ. ಅದರ ಅನಿಲ ಬಿರುಕುಗಳಿಂದ ಮಲಗುವ ಕೋಣೆಗೆ ನುಗ್ಗಿ ಜೀವಗಳು ಹೋದ ಪ್ರಸಂಗಗಳು ನಮ್ಮ ದೇಶದಲ್ಲಿ ನಡೆದಿವೆ. ವಿದ್ಯುತ್ ತಂತಿ ಎಳೆದು ಇಲಿ ಕೊಲ್ಲುವ ಸಾಹಸವನ್ನಂತೂ ಯಾರೂ ಮಾಡಬಾರದು. ಇಲಿಯ ಮೇಲಿನ ಸಿಟ್ಟಿಗೆ ಮನೆ ಸುಟ್ಟಂತಾದೀತು.

ವಿಷವಿಲ್ಲದ ದಾರಿಗಳು

ಹಿತ್ತಲು ಚಿಕ್ಕದಾಗಿದ್ದು ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ವಿಷ ತರದಿರುವುದೇ ಮೇಲು. ಬೋನಿಗೆ ಸುಟ್ಟ ಕೊಬ್ಬರಿ ತುಂಡು ಒಳ್ಳೆಯ ಎರೆ. ಬೋನನ್ನೂ ಎರಡು ದಿನ ಬಾಗಿಲು ಬೀಳದಂತೆ ಕಟ್ಟಿ ತಿನ್ನಲು ಬಿಟ್ಟು, ಮೂರನೆಯ ದಿನ ಹೂಡಿ. ಹಳಬರ ಹೊಗೆಗಡಿಗೆಯೂ ಉಪಯುಕ್ತ: ತಳಕ್ಕೆ ತೂತು ಕೊರೆದ ಗಡಿಗೆಯಲ್ಲಿ ಹುಲ್ಲು ತುಂಬಿ, ಕೆಂಡ ಹಾಕಿ, ಬಿಲಕ್ಕೆ ಹೊಗೆಯೂದಿ, ಉಳಿದ ಬಾಯಿಗಳನ್ನು ಮುಚ್ಚುವುದು. ಆದರೆ ಬಣವೆ, ಸೋಗೆ ಚಪ್ಪರ, ಗೋಡೆಗಳ ಹತ್ತಿರ ಇದು ಬೇಡ.

ಬಿಲಕ್ಕೆ ನೀರು ತುಂಬುವವರಿದ್ದಾರೆ. ಎರೆಭೂಮಿಯಲ್ಲಿ ಬೇಸಗೆಯ ಬಿರುಕು ಎಷ್ಟು ಕೊಡ ಸುರಿದರೂ ಕುಡಿದುಬಿಡುತ್ತದೆ. ನಮ್ಮಲ್ಲಿ ಅದೇ ನೀರು ಬದುವನ್ನೂ ಗೋಡೆಯ ತಳವನ್ನೂ ಸಡಿಲಮಾಡುತ್ತದೆ. ಬದು ಅಗೆದು ಬಿಲ ಒಡೆಯುವುದಾದರೆ ಮಳೆಗೆ ಬಹಳ ಮುಂಚೆ ಮಾಡಿ, ಗಟ್ಟಿಯಾಗಿ ದಮ್ಮಸು ಮಾಡಿ. ಇಲ್ಲದಿದ್ದರೆ ಬೆಟ್ಟ ಅಗೆದು ಇಲಿ ಹಿಡಿದ ಲಾಭವೂ ಇಲ್ಲದೆ ಬದು ಹೋಗುತ್ತದೆ.

ಎಲ್ಲಕ್ಕಿಂತ ಬಾಳುವ ಉಪಾಯ, ಹೆಗ್ಗಣಕ್ಕೆ ಅನ್ನ ಮತ್ತು ಆಸರೆ ಸಿಗದಂತೆ ಮಾಡುವುದು. ಹಿತ್ತಲಲ್ಲಿ ಸೋಗೆ, ಹಾಳೆ, ಸೌದೆಗಳ ರಾಶಿ ನೆಲ ಮುಟ್ಟದಿರಲಿ. ಒಂದು ಅಡಿ ಎತ್ತರದ ಅಟ್ಟಣೆಯ ಮೇಲಿರಲಿ. ಚಿಂತಾಕಿಯ ಕಡೆಯ ಜೋಳದ ಕಣಿಕೆ, ತೊಗರಿ ಕಟ್ಟಿಗೆಯ ಬಣವೆಗಳಿಗೂ ಇದೇ ಮಾತು. ದನದ ಹಿಂಡಿ, ನಾಯಿಯ ಅನ್ನ ರಾತ್ರಿ ಹೊರಗೆ ಉಳಿಯಬಾರದು. ಗೋಡೆಯ ತೂತುಗಳನ್ನು ಜಲ್ಲಿ, ಗಾಜಿನ ಚೂರು ಸೇರಿಸಿದ ಸಿಮೆಂಟು ಗಾರೆಯಿಂದ ತುಂಬಿ. ಚರಂಡಿಯ ಬಾಯಿಗೆ ಜಾಲರಿ ಹಾಕಿ. ಕಣದ ಅಂಚಿಗೆ ಒಂದೂವರೆ ಅಡಿ ಆಳದ ಕಲ್ಲಿನ ಕಟ್ಟು ಕೊಡಿ. ಎಳೆಯ ಸಸಿಯ ಬುಡದ ಸುತ್ತ ಒಂದು ಮಾರು ಜಾಗ ಕಳೆ, ದಟ್ಟ ಸೊಪ್ಪು ಇಲ್ಲದೆ ತೆರೆದಿರಲಿ.

ಗೂಬೆ, ಕೇರೆಹಾವು, ಮುಂಗುಸಿಗಳು ಸಂಬಳವಿಲ್ಲದ ಕಾವಲುಗಾರರು. ಕೇರೆಯನ್ನು ಕಂಡಕಂಡಲ್ಲಿ ಬಡಿಯುವ ಚಾಳಿ ಬಿಡಬೇಕು. ವಿಷ ತಿಂದ ಹೆಗ್ಗಣವನ್ನು ಗೂಬೆ, ಬೆಕ್ಕು ತಿಂದು ಸಾಯುವ ಅಪಾಯವಿರುವುದರಿಂದಲೇ ಸತ್ತದ್ದನ್ನು ಹೂಳಬೇಕೆಂದು ಒತ್ತಿ ಹೇಳಿದ್ದು.

ರೋಗದ ಮಾತು

ಹೆಗ್ಗಣ ತಿನ್ನುವ ಕಾಳಿಗಿಂತ ತರುವ ರೋಗದ ನಷ್ಟ ಹೆಚ್ಚು. ನಮ್ಮ ಮಲೆನಾಡಿನಲ್ಲಿ ಇಲಿಜ್ವರದ ಭಯ ಮುಖ್ಯ. ಇಲಿ, ಹೆಗ್ಗಣಗಳ ಮೂತ್ರ ಸೇರಿದ ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಮಳೆಗಾಲದಲ್ಲಿ ಬಸಿಗಾಲುವೆ ಬಿಡಿಸುವವರು ಮೊಣಕಾಲು ಮಟ್ಟದ ರಬ್ಬರು ಬೂಟು ಹಾಕಿಕೊಳ್ಳಬೇಕು. ಜ್ವರದೊಡನೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಕೆಸರಿನಲ್ಲಿ ಕೆಲಸ ಮಾಡಿದ್ದೇನೆಂದು ವೈದ್ಯರಿಗೆ ಹೇಳಿ. ಬೇಗ ಗುರುತಿಸಿದರೆ ಇದು ವಾಸಿಯಾಗುವ ಕಾಯಿಲೆ.

ಬೀದರಿನ ಗಡಿಯ ಕಡೆಯವರಿಗೆ ಇನ್ನೊಂದು ನೆನಪಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಜನ ಮನೆ ಬಿಟ್ಟರು. ಬಿಟ್ಟ ಮನೆಗಳಲ್ಲಿ ಕಾಳು ಉಳಿಯಿತು, ಇಲಿಗಳು ಬೆಳೆದವು. ಮರುವರ್ಷ, 1994ರ ಆಗಸ್ಟಿನಲ್ಲಿ, ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಗಡ್ಡೆ ಪ್ಲೇಗು ಕಾಣಿಸಿಕೊಂಡಿತು. ಸೆಪ್ಟೆಂಬರಿನಲ್ಲಿ ಸೂರತ್ತಿನಿಂದ ಪ್ಲೇಗಿನ ಸುದ್ದಿ ಬಂದು ದೇಶವೇ ನಡುಗಿತು. ಭೂಕಂಪದಿಂದ ಇಲಿಗಳ ನೆಲೆ ಅಸ್ತವ್ಯಸ್ತವಾದದ್ದನ್ನೂ ಮನೆಗಳಲ್ಲಿ ಉಳಿದ ಕಾಳನ್ನೂ ತಜ್ಞರು ಮಾಮ್ಲಾದ ಪ್ಲೇಗಿಗೆ ಕಾರಣಗಳಾಗಿ ಹೇಳಿದ್ದರು. ಬೆಂಗಳೂರಿನಲ್ಲಿ 1898ರ ಪ್ಲೇಗು ಊರಿನ ರೂಪವನ್ನೇ ಬದಲಿಸಿತು. ಅಲ್ಲಲ್ಲಿ ಇಂದಿಗೂ ಪೂಜೆಗೊಳ್ಳುವ ಪ್ಲೇಗಿನ ಅಮ್ಮನ ಗುಡಿಗಳು ಆ ಕಾಲದ ಭಯದ ಗುರುತುಗಳು.

ಇದರಲ್ಲಿ ತಿಳಿದುಕೊಳ್ಳಬೇಕಾದ ಅಂಶವೊಂದಿದೆ. ಪ್ಲೇಗನ್ನು ಮನುಷ್ಯರಿಗೆ ದಾಟಿಸುವುದು ಇಲಿಯ ಮೈಮೇಲಿನ ಚಿಗಟ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಚಿಗಟ ಹೊಸ ಮೈ ಹುಡುಕುತ್ತದೆ. ಆದ್ದರಿಂದ ಯಾರೂ ವಿಷವಿಡದೆಯೇ ಮನೆಗಳಲ್ಲಿ ಇಲಿಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದರೆ ಮುಟ್ಟಬೇಡಿ, ಇನ್ನಷ್ಟು ಇಲಿ ಕೊಲ್ಲಲೂ ಹೋಗಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅಂಥ ಕಡೆ ಮೊದಲು ಚಿಗಟಕ್ಕೆ ಔಷಧಿ, ಆಮೇಲೆ ಇಲಿಗೆ.

ಸಂಘದ ಮೂಲಕ

ಚಿಂತಾಕಿಯ ಮಾಸ್ತರರಿಗೆ ಕಳಿಸಿರುವ ಉತ್ತರದ ಸಾರಾಂಶವಿಷ್ಟು: ಗೂಟ ಕಿತ್ತುಹಾಕಿ, ನಿಮ್ಮದು ಹೆಗ್ಗಣ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಅಕ್ಕಪಕ್ಕದ ಮನೆಯವರನ್ನು ಸೇರಿಸಿಕೊಂಡು ಒಂದೇ ದಿನ ಬಿಲ ಮುಚ್ಚಿ.

ನಮ್ಮ ಸದಸ್ಯರಿಗೂ ಅದೇ ಸಲಹೆ. ಒಂದು ಕೇರಿಯಿಂದ ಎಂಟು ಮನೆಯವರು ಒಪ್ಪಿದರೆ ಸಾಕು. ಒಬ್ಬರು ನುಚ್ಚು ತರಲಿ, ಒಬ್ಬರು ಪೊಟ್ಟಣ ಕಟ್ಟಲಿ, ಪಾಷಾಣವನ್ನು ಪರವಾನಗಿ ಇರುವ ಅಂಗಡಿಯಿಂದ ಒಬ್ಬರೇ ತಂದು ಒಬ್ಬರೇ ಕಲಸಲಿ. ಎರಡನೆಯ ದಿನದ ಮತ್ತು ಏಳನೆಯ ದಿನದ ಜೀವಂತ ಬಿಲಗಳ ಲೆಕ್ಕವನ್ನು ಬರೆದಿಟ್ಟು ಸಂಘಕ್ಕೆ ಕಳಿಸಿದರೆ, ಯಾವ ಕೇರಿಯಲ್ಲಿ ಯಾವ ಉಪಾಯ ಫಲಿಸಿತೆಂಬುದನ್ನು ಮುಂದಿನ ಸಂಚಿಕೆಗಳಲ್ಲಿ ಎಲ್ಲರಿಗೂ ತಿಳಿಸಬಹುದು. ಹೆಗ್ಗಣಗಳು ಒಂದೊಂದಾಗಿ ಬದುಕುತ್ತವೆ. ನಾವು ಸಹಕಾರಿಗಳು, ಕೂಡಿ ಕೆಲಸ ಮಾಡಬಲ್ಲೆವು. ಅವುಗಳ ಮುಂದೆ ನಮಗಿರುವ ದೊಡ್ಡ ಅನುಕೂಲ ಇದೇ.

— ಕಾರ್ಯದರ್ಶಿ